ನೋವಿನೊಡನೆ ಬಾಳಿದ ಸಂತ ಅಲ್ಫೋನ್ಸಮ್ಮ



ಜುಲೈ 28ರಂದು ಸಂತ ಅಲ್ಫೋನ್ಸಮ್ಮನವರ ಹಬ್ಬ. ನಮ್ಮ ನೆರೆಹೊರೆಯ ಮಲಯಾಳಿ ಕ್ರೈಸ್ತ ಬಂಧುಗಳ ಮನೆಗಳಲ್ಲಿ ಈ ಸಂತರ ಪಟವನ್ನು ನಾವೆಲ್ಲ ನೋಡಿದ್ದೇವೆ. ಕನ್ನಡ, ಕೊಂಕಣಿ, ಮಲಯಾಳ, ತುಳು ಎಂದು ನಾಲ್ಕು ನುಡಿಗಳಲ್ಲಿ ಪ್ರಾರ್ಥಿಸುವ ಈ ಗಡಿನಾಡಿನಲ್ಲಿ ಒಬ್ಬರ ಸಂತರು ಇನ್ನೊಬ್ಬರಿಗೂ ಸಂತರೇ. ಅವರ ಸಮಾಧಿಯಿರುವ ಭರಣಂಙಾನಂ ನಮಗೆ ದೂರದ ಊರೂ ಅಲ್ಲ. ಸಂಜೆ ರೈಲು ಹತ್ತಿದರೆ ಬೆಳಗಾಗುವಷ್ಟರಲ್ಲಿ ಕೋಟ್ಟಯಂ ಸೇರಬಹುದು. ಅಲ್ಲಿಂದ ಬಸ್ಸಿನ ದಾರಿ.

ಆದರೆ ಈ ವರ್ಷ ಅವರ ಬಾಳನ್ನು ಮತ್ತೆ ಬರೆಯಲು ಕೂತದ್ದಕ್ಕೆ ಹಬ್ಬವೊಂದೇ ಕಾರಣವಲ್ಲ. ನಮ್ಮ ವಾಳೆಗಳಲ್ಲಿ ರೋಗಿಗಳನ್ನು ನೋಡಲು ಹೋಗುವಾಗ ನಾವು ಅಲ್ಫೋನ್ಸಮ್ಮನವರ ಹೆಸರನ್ನು ಬಹಳ ಸಲ ಎತ್ತುತ್ತೇವೆ. ವರ್ಷಗಟ್ಟಲೆ ಅಡಿಕೆ ಸುಲಿದು, ಬೀಡಿ ಕಟ್ಟಿ ಬೆನ್ನು ಕುತ್ತಿಗೆ ಹಿಡಿದುಕೊಂಡ ಅಕ್ಕಂದಿರಿಗೆ, ಮರದಿಂದ ಬಿದ್ದು ಏಳಲಾಗದ ಅಣ್ಣಂದಿರಿಗೆ, ಸಂಧಿವಾತದಿಂದ ಬೆರಳು ಮಡಚಲಾಗದ ಅಜ್ಜಿಯರಿಗೆ ಅವರಂತೆ ಸಹಿಸಿಕೊಳ್ಳಿ ಎಂದು ಹೇಳಿ ಜಪಸರ ಮುಗಿಸಿ ಹೊರಟುಬಿಡುತ್ತೇವೆ. ಇತ್ತೀಚೆಗೆ ಹೀಗೇ ಹೋದ ಒಂದು ಮನೆಯಲ್ಲಿ ಒಬ್ಬ ತಾಯಿ ವೈದ್ಯರು ಕೊಟ್ಟ ನೋವಿನ ಗುಳಿಗೆಗಳನ್ನು ಡಬ್ಬಿಯಲ್ಲಿ ಹಾಗೆಯೇ ಎತ್ತಿಟ್ಟಿದ್ದರು. ಗುಳಿಗೆ ನುಂಗಿದರೆ ಯೇಸುವಿಗೆ ಒಪ್ಪಿಸುವ ಕಾಣಿಕೆ ಕಡಿಮೆಯಾದೀತೆಂಬ ಭಯ ಅವರಿಗೆ. ಆ ಭಯವನ್ನು ಅವರಲ್ಲಿ ಬಿತ್ತಿದವರು ಬೇರೆ ಯಾರೂ ಅಲ್ಲ, ನಾವೇ. ಆ ದಿನ ಮನೆಗೆ ಮರಳುವಾಗ ನಮ್ಮಲ್ಲಿ ಯಾರಿಗೂ ಮಾತು ಬರಲಿಲ್ಲ.

ಹಾಗಾಗಿ ಅಲ್ಫೋನ್ಸಮ್ಮನವರ ಬಾಳನ್ನು ಮೊದಲಿನಿಂದ ಓದಿದೆವು. ಅದರ ಜೊತೆಗೆ, ಹಲವು ವರ್ಷ ಬಿಡದೆ ಕಾಡುವ ನೋವಿನ ಬಗ್ಗೆ ಇಂದಿನ ವೈದ್ಯಶಾಸ್ತ್ರ ಏನು ಹೇಳುತ್ತದೆಂದು ತಿಳಿದುಕೊಂಡೆವು. ಎರಡನ್ನೂ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಕುಡಮಾಳೂರಿನ ಅನ್ನಕುಟ್ಟಿ

ಕೋಟ್ಟಯಂ ಬಳಿಯ ಕುಡಮಾಳೂರಿನ ಮುಟ್ಟತ್ತುಪಾಡತ್ತ್ ಮನೆತನದ ಜೋಸೆಫ್ ಮತ್ತು ಮೇರಿ ದಂಪತಿಗಳಿಗೆ 1910ರ ಆಗಸ್ಟ್ 19ರಂದು ಒಂದು ಹೆಣ್ಣುಮಗು ಹುಟ್ಟಿತು. ತಾಯಿ ತುಂಬು ಗರ್ಭಿಣಿಯಾಗಿ ಮಲಗಿದ್ದಾಗ ಹಾವೊಂದು ಸೊಂಟಕ್ಕೆ ಸುತ್ತಿಕೊಂಡಿತೆಂದೂ, ಆ ಹೆದರಿಕೆಯಿಂದ ಎಂಟನೆಯ ತಿಂಗಳಿಗೇ ಹೆರಿಗೆಯಾಯಿತೆಂದೂ ಹೇಳುತ್ತಾರೆ. ಮಗುವಿಗೆ ಅನ್ನ ಎಂದು ಹೆಸರಿಟ್ಟರು; ಮನೆಯವರ ಬಾಯಲ್ಲಿ ಅದು ಅನ್ನಕುಟ್ಟಿಯಾಯಿತು. ಮಗುವಿಗೆ ಮೂರು ತಿಂಗಳಾಗುವಾಗ ತಾಯಿ ತೀರಿಕೊಂಡರು. ಅಜ್ಜಿಯ ಮಡಿಲಲ್ಲಿ ಅನ್ನಕುಟ್ಟಿ ಬೆಳೆಯಿತು. ಸಂತರ ಕಥೆ, ಜಪ, ಬಡವರ ಮೇಲಿನ ಕನಿಕರ ಎಲ್ಲವೂ ಅಜ್ಜಿಯಿಂದ ಬಂದವು. ಇನ್ನೂ ಪುಟ್ಟ ಮಗುವಾಗಿದ್ದಾಗಲೇ ಚರ್ಮದ ಕಜ್ಜಿ ಕೀವುಗಟ್ಟಿ ಒಂದು ವರ್ಷಕ್ಕೂ ಮಿಕ್ಕಿ ಕಾಡಿತು. ನೋವು ಈ ಮಗುವಿಗೆ ಅಷ್ಟು ಬೇಗ ಪರಿಚಯವಾಯಿತು.

1917ರ ನವೆಂಬರ್ ತಿಂಗಳಲ್ಲಿ ಅನ್ನಕುಟ್ಟಿ ಪ್ರಥಮ ಪರಮಪ್ರಸಾದ ಸ್ವೀಕರಿಸಿದಳು. ಮುಂದೆ ಮುಟ್ಟುಚಿರದಲ್ಲಿದ್ದ ದೊಡ್ಡಮ್ಮ ಅನ್ನಮ್ಮ ಮುರಿಕ್ಕನ್ ಅವರ ಮನೆಗೆ ಬಂದು ಅಲ್ಲಿನ ಶಾಲೆಗೆ ಸೇರಿದಳು. ದೊಡ್ಡಮ್ಮ ಕೆಟ್ಟವರಲ್ಲ. ತಾಯಿಯಿಲ್ಲದ ಹುಡುಗಿಯನ್ನು ಒಳ್ಳೆಯ ಮನೆಗೆ ಸೇರಿಸಬೇಕೆಂಬ ಹೊಣೆ ಅವರ ತಲೆಯ ಮೇಲಿತ್ತು. ಕೈಗೆಲಸ, ಮಾತು, ನಡೆ ಎಲ್ಲದರಲ್ಲೂ ಶಿಸ್ತು ಬಯಸುವವರು. ಹುಡುಗಿ ಚೆಲುವೆ, ಸಂಬಂಧಗಳು ತಾವಾಗಿ ಬರತೊಡಗಿದವು. ಆದರೆ ಅನ್ನಕುಟ್ಟಿ ಕಿರಿಯ ತೆರೇಸಮ್ಮನವರ ಕಥೆ ಕೇಳಿ ಬೆಳೆದವಳು. ಅವರಂತೆ ಮಠ ಸೇರಬೇಕೆಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು.

ಸುಟ್ಟ ಪಾದಗಳು

1923ರಲ್ಲಿ, ಇನ್ನೂ ಹದಿಮೂರರ ವಯಸ್ಸಿನಲ್ಲಿ, ಮದುವೆಯ ಮಾತು ಮುಂದುವರಿದು ನಿಶ್ಚಯದ ಹಂತಕ್ಕೆ ಬಂತು. ತಪ್ಪಿಸಿಕೊಳ್ಳಲು ಬೇರೆ ದಾರಿ ಕಾಣದ ಹುಡುಗಿ, ಭತ್ತದ ಉಮಿ ಸುಡುತ್ತಿದ್ದ ಗುಂಡಿಗೆ ಕಾಲಿಟ್ಟಳು. ಸ್ವಲ್ಪ ಸುಟ್ಟುಕೊಂಡು ಅಂದಗೆಟ್ಟರೆ ಮದುವೆ ನಿಲ್ಲಬಹುದೆಂಬುದು ಮಗುವಿನ ಲೆಕ್ಕ. ಮೇಲೆ ಬೂದಿ, ಒಳಗೆ ನಿಗಿನಿಗಿ ಕೆಂಡ. ಜಾರಿ ಒಳಕ್ಕೆ ಹೋದಳು. ಪಾದಗಳು ಬೆಂದುಹೋದವು. ಗಾಯ ಮಾಯಲು ಬಹಳ ಕಾಲ ಹಿಡಿಯಿತು. ಮಾಯಿತಾದರೂ ಪಾದಗಳು ಮೊದಲಿನಂತಾಗಲಿಲ್ಲ. ಬಾಳಿನ ಕೊನೆಯವರೆಗೂ ಆ ಊನ ಉಳಿಯಿತು.

ಇಲ್ಲಿ ನಾವು ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಧರ್ಮಸಭೆ ಅಲ್ಫೋನ್ಸಮ್ಮನವರನ್ನು ಸಂತರೆಂದು ಗೌರವಿಸುವುದು ಈ ಕೃತ್ಯಕ್ಕಾಗಿ ಅಲ್ಲ. ದಿಕ್ಕು ತೋಚದ ಒಬ್ಬ ಬಾಲಕಿಯ ಸಂಕಟ ಅದು. ತನ್ನ ಮನಸ್ಸಿನ ಮಾತನ್ನು ಕೇಳುವವರು ಯಾರೂ ಇಲ್ಲವೆಂದು ಮಗುವಿಗೆ ಅನಿಸಿದರೆ ಏನಾಗಬಹುದೆಂದು ತಂದೆ ತಾಯಿಯರಾದ ನಾವು ಇದರಿಂದ ಕಲಿಯಬೇಕು. ಹದಿಹರೆಯದ ಮಕ್ಕಳಿಗೆ ಈ ಕಥೆ ಹೇಳುವಾಗ, ದೇಹವನ್ನು ನೋಯಿಸಿಕೊಳ್ಳುವುದು ಯಾವ ಹರಕೆಯೂ ಅಲ್ಲ ಎಂದು ಜೊತೆಗೇ ಹೇಳಬೇಕು.

ದೊಡ್ಡಮ್ಮನ ಮನಸ್ಸು ಕರಗಿತು. 1927ರ ಪವಿತ್ರಾತ್ಮರ ಹಬ್ಬದ ಹೊತ್ತಿಗೆ ಅನ್ನಕುಟ್ಟಿ ಭರಣಂಙಾನದ ಫ್ರಾನ್ಸಿಸ್ಕನ್ ಕ್ಲಾರಿಸ್ಟ್ ಕನ್ಯಾಮಠದ ಬಾಗಿಲಿಗೆ ಬಂದಳು. 1928ರ ಆಗಸ್ಟ್ 2, ಅಂದಿನ ಪಂಚಾಂಗದಂತೆ ಸಂತ ಅಲ್ಫೋನ್ಸ್ ಲಿಗೋರಿಯವರ ಹಬ್ಬ. ಆ ದಿನ ಮುಸುಕು ಪಡೆದು, ಆ ಸಂತರ ಹೆಸರಿನಿಂದಲೇ ಸಿಸ್ಟರ್ ಅಲ್ಫೋನ್ಸ ಆದರು. 1930ರ ಮೇ 19ರಂದು ಮಠದ ಉಡುಪು ಧರಿಸಿದರು.

ಮಠದೊಳಗಿನ ಕಾಯಿಲೆ

ಮಠ ಸೇರಿದರೆ ಎಲ್ಲವೂ ಸುಲಭವಾಗುತ್ತದೆಂದು ಅವರು ಎಣಿಸಿದ್ದರೆ ಹಾಗಾಗಲಿಲ್ಲ. 1930ರಿಂದ 1935ರವರೆಗಿನ ವರ್ಷಗಳು ಕಾಯಿಲೆಯಲ್ಲೇ ಕಳೆದವು. 1932ರಲ್ಲಿ ವಾಗಕ್ಕಾಡಿನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಲು ಕಳುಹಿಸಿದರು. ಮಕ್ಕಳೊಡನೆ ಇರುವುದೆಂದರೆ ಅವರಿಗೆ ಸಂತೋಷ. ಆದರೆ ಆರೋಗ್ಯ ಕೈಕೊಟ್ಟಿತು. ಆ ಕೆಲಸವನ್ನು ಬಿಡಬೇಕಾಯಿತು. ದುಡಿಯುವ ವಯಸ್ಸಿನಲ್ಲಿ ದುಡಿಯಲಾಗದೆ ಕೂರುವುದು ಎಂಥ ನೋವೆಂದು ನಮ್ಮ ಮನೆಗಳಲ್ಲಿ ಹಾಸಿಗೆ ಹಿಡಿದವರಿಗೆ ಚೆನ್ನಾಗಿ ಗೊತ್ತು.

1935ರ ಆಗಸ್ಟ್ 12ರಂದು ಚಂಗನಾಶ್ಶೇರಿಯಲ್ಲಿ ನವಸನ್ಯಾಸ ತರಬೇತಿಗೆ ಸೇರಿದರು. ಒಂದು ವಾರ ಕಳೆಯಿತಷ್ಟೇ, ಮೂಗು ಮತ್ತು ಕಣ್ಣುಗಳಿಂದ ರಕ್ತ ಬಂತು. ದೇಹ ಸೊರಗಿತು. ಕಾಲುಗಳಲ್ಲಿ ಕೀವುಗಟ್ಟಿದ ಹುಣ್ಣುಗಳಾದವು. ಬದುಕುವುದೇ ಕಷ್ಟವೆಂಬ ಸ್ಥಿತಿ. ಆಗ ಅವರು ಮಾನ್ನಾನದ ಫಾದರ್ ಕುರಿಯಾಕೋಸ್ ಏಲಿಯಾಸ್ ಚಾವರ ಅವರ ಮಧ್ಯಸ್ಥಿಕೆ ಬೇಡಿ ಒಂಬತ್ತು ದಿನಗಳ ಪ್ರಾರ್ಥನೆ ಹಿಡಿದರು; ಆ ಗಂಡಾಂತರದಿಂದ ಪಾರಾದರು. 1936ರ ಆಗಸ್ಟ್ 12ರಂದು ನಿತ್ಯವ್ರತ ಸ್ವೀಕರಿಸಿ, ಎರಡು ದಿನಗಳ ಬಳಿಕ ಭರಣಂಙಾನಕ್ಕೆ ಮರಳಿದರು. ಉಳಿದ ಹತ್ತು ವರ್ಷಗಳ ಬಾಳೆಲ್ಲ ಅಲ್ಲೇ, ಹೆಚ್ಚಿನ ದಿನಗಳು ಒಂದು ಕೋಣೆಯ ಹಾಸಿಗೆಯಲ್ಲೇ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅವರು ಗುಣವಾಗಲೆಂದು ಪ್ರಾರ್ಥಿಸಿದರು. ನೋವು ಹೋಗಲಿ ಎಂದು ಕೇಳುವುದು ನಂಬಿಕೆಯ ಕೊರತೆಯೆಂದು ಅವರು ತಿಳಿಯಲಿಲ್ಲ. ನಮ್ಮ ಪ್ರಭು ಕೂಡ ಗೆತ್ಸೆಮನೆ ತೋಪಿನಲ್ಲಿ ಮೊದಲು ಕೇಳಿಕೊಂಡದ್ದು ಪಾತ್ರೆ ತನ್ನಿಂದ ದೂರವಾಗಲಿ ಎಂದೇ. ಒಪ್ಪಿಸಿಕೊಂಡದ್ದು ಆಮೇಲೆ.

ನೋವು ಎಂದರೇನು?

ಅಲ್ಫೋನ್ಸಮ್ಮನವರ ಕಾಲದಲ್ಲಿ ನೋವೆಂದರೆ ಗಾಯದ ನೆರಳು ಎಂದೇ ವೈದ್ಯರೂ ತಿಳಿದಿದ್ದರು. ಗಾಯ ದೊಡ್ಡದಾದರೆ ನೋವು ದೊಡ್ಡದು, ಗಾಯ ಮಾಯಿತೆಂದರೆ ನೋವೂ ಹೋಗಬೇಕು. ಹೋಗದಿದ್ದರೆ ರೋಗಿಯ ಮನಸ್ಸಿನಲ್ಲೇ ಏನೋ ತಪ್ಪಿದೆ ಎಂದು ಕೈಬಿಡುತ್ತಿದ್ದರು. ಅವರು ತೀರಿಕೊಂಡು ಏಳು ವರ್ಷಗಳ ಬಳಿಕ, 1953ರಲ್ಲಿ, ಇಟಲಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಜಾನ್ ಬೊನಿಕಾ ಎಂಬ ವೈದ್ಯರು ನೋವಿನ ಚಿಕಿತ್ಸೆಯ ಬಗ್ಗೆ ದೊಡ್ಡ ಗ್ರಂಥವೊಂದನ್ನು ಬರೆದರು. ಇವರು ಯೌವನದಲ್ಲಿ ಕುಸ್ತಿ ಆಡಿ ಹೊಟ್ಟೆ ಹೊರೆದವರು. ಆ ಪೆಟ್ಟುಗಳಿಂದ ಬಾಳಿಡೀ ನೋವು ತಿಂದವರು. ನೋವುಣ್ಣುವವರನ್ನು ನಂಬಬೇಕೆಂದು ತಮ್ಮ ಮೈಯಿಂದಲೇ ಕಲಿತಿದ್ದರು.

1965ರಲ್ಲಿ ಕೆನಡಾದ ರೊನಾಲ್ಡ್ ಮೆಲ್ಝಾಕ್ ಮತ್ತು ಇಂಗ್ಲೆಂಡಿನ ಪ್ಯಾಟ್ರಿಕ್ ವಾಲ್ ಒಂದು ಹೊಸ ವಿಚಾರ ಮುಂದಿಟ್ಟರು. ಅದರ ಪ್ರಕಾರ ಬೆನ್ನುಹುರಿಯಲ್ಲಿ ಬಾಗಿಲಿನಂಥ ಒಂದು ಏರ್ಪಾಡಿದೆ. ಗಾಯದಿಂದ ಬರುವ ಸುದ್ದಿ ಆ ಬಾಗಿಲನ್ನು ದಾಟಿಯೇ ಮಿದುಳಿಗೆ ಹೋಗಬೇಕು. ಬಾಗಿಲು ಕೆಲವೊಮ್ಮೆ ಅಗಲವಾಗಿ ತೆರೆದುಕೊಳ್ಳುತ್ತದೆ, ಕೆಲವೊಮ್ಮೆ ಅರ್ಧ ಮುಚ್ಚಿಕೊಳ್ಳುತ್ತದೆ. ಮಗು ಬಿದ್ದು ಮಂಡಿ ತರಚಿಕೊಂಡಾಗ ಅಮ್ಮ ಆ ಜಾಗವನ್ನು ಮೆಲ್ಲಗೆ ಉಜ್ಜಿದರೆ ನೋವು ಕಡಿಮೆಯಾಗುವುದು ಇದೇ ಕಾರಣಕ್ಕೆ. ಹೆದರಿಕೆ, ಒಂಟಿತನ, ನಿದ್ದೆಯಿಲ್ಲದ ರಾತ್ರಿ ನೋವನ್ನು ಹೆಚ್ಚಿಸುತ್ತವೆ. ಧೈರ್ಯ, ಪ್ರೀತಿಯ ಮಾತು, ಮನಸ್ಸನ್ನು ಬೇರೆಡೆಗೆ ಹರಿಸುವ ಕೆಲಸ ಅದನ್ನು ತಗ್ಗಿಸುತ್ತವೆ. ಈ ವಿಚಾರದ ವಿವರಗಳನ್ನು ಮುಂದೆ ತಿದ್ದಿದ್ದಾರೆ. ಆದರೂ ಮಿದುಳು ಮತ್ತು ಬೆನ್ನುಹುರಿ ನೋವನ್ನು ಹೆಚ್ಚು ಕಡಿಮೆ ಮಾಡುತ್ತವೆ ಎಂಬ ಮುಖ್ಯ ಮಾತು ನಿಂತಿದೆ.

1983ರಲ್ಲಿ ಕ್ಲಿಫರ್ಡ್ ವುಲ್ಫ್ ಎಂಬ ವಿಜ್ಞಾನಿ ಇನ್ನೊಂದು ಸಂಗತಿಯನ್ನು ಪ್ರಯೋಗದಿಂದ ತೋರಿಸಿದರು. ಗಾಯವಾದಾಗ ಆ ಜಾಗದ ನರಗಳಷ್ಟೇ ಅಲ್ಲ, ಬೆನ್ನುಹುರಿಯೊಳಗಿನ ನರಕೋಶಗಳೂ ಅತಿಯಾಗಿ ಚುರುಕಾಗುತ್ತವೆ. ಕೆಲವರಲ್ಲಿ ಗಾಯ ಮಾಯ್ದ ಮೇಲೂ ಆ ಚುರುಕು ಇಳಿಯುವುದಿಲ್ಲ. ಆಗ ಬಟ್ಟೆ ತಾಗಿದರೂ ಉರಿ, ಗಾಳಿ ಬೀಸಿದರೂ ಚುಚ್ಚು. ನಾವು ಇದನ್ನು ನಮ್ಮ ಊರಿನ ರೀತಿಯಲ್ಲಿ ಹೀಗೆ ಅರ್ಥ ಮಾಡಿಕೊಂಡೆವು: ಕಳ್ಳ ಬಂದಾಗ ಬೊಗಳಿದ ನಾಯಿ, ಕಳ್ಳ ಹೋಗಿ ತಿಂಗಳಾದರೂ ಎಲೆ ಅಲುಗಿದರೆ ಬೊಗಳುತ್ತಲೇ ಇರುತ್ತದಲ್ಲ, ಹಾಗೆ. ಬೊಗಳುವುದು ಸುಳ್ಳಲ್ಲ. ನಾಯಿಗೆ ಅಭ್ಯಾಸವಾಗಿಬಿಟ್ಟಿದೆ. ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಸರಿಯಿದೆ ಎಂದು ಬಂದರೂ ನೋವು ನಿಜವಾಗಿರಲು ಸಾಧ್ಯ ಎಂಬುದಕ್ಕೆ ಇದೊಂದು ಮುಖ್ಯ ಕಾರಣ.

ಮೂರು ತಿಂಗಳಿಗಿಂತ ಹೆಚ್ಚು ಕಾಲ ಇರುವ ಅಥವಾ ಮತ್ತೆ ಮತ್ತೆ ಬರುವ ನೋವನ್ನು ಇಂದು ದೀರ್ಘಕಾಲದ ನೋವು ಎನ್ನುತ್ತಾರೆ. ವಯಸ್ಕರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇದಿದೆ ಎಂಬುದು ತಜ್ಞರ ಲೆಕ್ಕ. ನಮ್ಮ ಭಾನುವಾರದ ಪೂಜೆಯಲ್ಲಿ ಒಂದು ಬೆಂಚಿನಲ್ಲಿ ಐದು ಜನ ಕೂತರೆ, ಅವರಲ್ಲಿ ಒಬ್ಬರು ಮೊಣಕಾಲೂರುವಾಗ ಹಲ್ಲುಕಚ್ಚಿಕೊಂಡಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿಯಲ್ಲಿ ದೀರ್ಘಕಾಲದ ನೋವಿಗೆ ತನ್ನದೇ ಆದ ಸ್ಥಾನ ಸಿಕ್ಕಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಅಂದರೆ ನೋವು ಬೇರೆ ಕಾಯಿಲೆಯ ಗುರುತು ಮಾತ್ರವಲ್ಲ, ಕೆಲವರಲ್ಲಿ ಅದೇ ಒಂದು ಕಾಯಿಲೆ.

ಕಳ್ಳ ಬಂದ ರಾತ್ರಿ

ಮತ್ತೆ ಭರಣಂಙಾನಕ್ಕೆ ಬರೋಣ. 1939ರ ಜೂನ್ ತಿಂಗಳಲ್ಲಿ ಅಲ್ಫೋನ್ಸಮ್ಮನವರಿಗೆ ತೀವ್ರವಾದ ನ್ಯುಮೋನಿಯಾ ಬಂತು. ಪೆನಿಸಿಲಿನ್ ಇನ್ನೂ ಜನರ ಕೈಗೆ ಬಂದಿರದ ಕಾಲ ಅದು. ಹೇಗೋ ಉಳಿದರು, ಆದರೆ ಶಕ್ತಿ ಸೋರಿಹೋಗಿತ್ತು. 1940ರ ಅಕ್ಟೋಬರ್ 18ರ ನಡುರಾತ್ರಿ ಅವರ ಕೋಣೆಗೆ ಕಳ್ಳನೊಬ್ಬ ನುಗ್ಗಿದ. ಆ ಹೆದರಿಕೆಯ ಪೆಟ್ಟಿಗೆ ನೆನಪೇ ಹೋಯಿತು. ಮೊದಲೇ ಸೋತ ದೇಹ ಮತ್ತಷ್ಟು ಸೋತಿತು. ತಿಂಗಳುಗಟ್ಟಲೆ ಹೀಗೇ ನಡೆಯಿತು. 1941ರ ಸೆಪ್ಟೆಂಬರ್ ತಿಂಗಳಲ್ಲಿ ಅವರಿಗೆ ವ್ಯಾಧಿಸ್ಥರ ಅಭ್ಯಂಗ ನೀಡಿದರು. ಮರುದಿನ ನೆನಪು ಮರಳಿತು, ಆರೋಗ್ಯ ಪೂರ್ತಿ ಮರಳಲಿಲ್ಲ.

ಈ ಪ್ರಸಂಗವನ್ನು ನಾವು ಹಿಂದೆ ಬರೀ ಒಂದು ಘಟನೆಯಾಗಿ ಓದಿ ಮುಂದೆ ಹೋಗುತ್ತಿದ್ದೆವು. ಈಗ ಓದುವಾಗ ಬೇರೆಯೇ ಕಾಣುತ್ತದೆ. ಕಾಯಿಲೆಯ ದೇಹ ಮತ್ತು ಹೆದರಿದ ಮನಸ್ಸು ಬೇರೆಬೇರೆ ಮನೆಗಳಲ್ಲಿ ವಾಸಿಸುವುದಿಲ್ಲ. ಒಂದಕ್ಕೆ ಬಿದ್ದ ಪೆಟ್ಟು ಇನ್ನೊಂದಕ್ಕೂ ತಾಗುತ್ತದೆ. ಇಂದಿನ ಸಂಶೋಧನೆಗಳೂ ಇದನ್ನೇ ಹೇಳುತ್ತವೆ. ನೋವು ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ಮರುದಿನದ ನೋವನ್ನು ಹೆಚ್ಚಿಸುತ್ತದೆ. ನೋವಿನಿಂದ ಖಿನ್ನತೆ ಬರುತ್ತದೆ, ಖಿನ್ನತೆಯಿಂದ ನೋವು ಬಲಿಯುತ್ತದೆ. ಈ ಸುತ್ತಿನಲ್ಲಿ ಸಿಕ್ಕಿಬಿದ್ದವರಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದರೆ ಸಾಲದು. ಸುತ್ತನ್ನು ಒಂದು ಕಡೆಯಲ್ಲಾದರೂ ಕತ್ತರಿಸಲು ಯಾರಾದರೂ ನೆರವಾಗಬೇಕು.

ನಗುವ ಮುಖ

ಅಲ್ಫೋನ್ಸಮ್ಮನವರನ್ನು ಕಂಡವರೆಲ್ಲ ನೆನೆಯುವುದು ಅವರ ಮುಗುಳ್ನಗೆಯನ್ನು. ಅವರು ತಮ್ಮ ನೋವನ್ನು ಪ್ರಭುವಿನ ಶಿಲುಬೆಯ ಜೊತೆ ಸೇರಿಸಿ ಪರರಿಗಾಗಿ ಒಪ್ಪಿಸಿದರು. ನಿದ್ದೆ ಬಾರದ ರಾತ್ರಿಗಳನ್ನು ಪ್ರಾರ್ಥನೆಗೆ ಬಳಸಿದರು. ತಮ್ಮ ಮಾರ್ಗದರ್ಶಕ ಗುರುಗಳಿಗೆ ಕಾಗದ ಬರೆದು ಒಳಗಿನದನ್ನು ತೆರೆದಿಟ್ಟರು. ಇದನ್ನು ಅವರು ತಾವಾಗಿ, ಒಳಗಿನ ಪ್ರೀತಿಯಿಂದ ಮಾಡಿದರು. ಯಾರೂ ಹೊರಗಿನಿಂದ ಹೇರಿದ್ದಲ್ಲ. ನೋವನ್ನು ಒಪ್ಪಿಸುವುದು ನೋವುಣ್ಣುವವರು ಕೊಡಬಹುದಾದ ಕಾಣಿಕೆ. ಪಕ್ಕದಲ್ಲಿ ನಿಂತವರು ವಸೂಲಿ ಮಾಡುವ ಕಂದಾಯವಲ್ಲ. ನಾವು ತಪ್ಪಿದ್ದು ಇಲ್ಲಿಯೇ.

ಆ ನಗುವಿನಿಂದ ಇನ್ನೊಂದು ಪಾಠವೂ ಇದೆ. ನಗುತ್ತಾ ಇರುವವರಿಗೆ ನೋವಿಲ್ಲ ಎಂದು ತೀರ್ಮಾನಿಸಬಾರದು. ನಮ್ಮಲ್ಲಿ ಹಲವರು ಹೀಗೆ ಮಾಡುತ್ತೇವೆ. ನಿನ್ನೆ ಮದುವೆಗೆ ಬಂದು ನಗುತ್ತಿದ್ದಳು, ಇಂದು ಸೊಂಟನೋವಂತೆ ಎಂದು ಆಡಿಕೊಳ್ಳುತ್ತೇವೆ. ದೀರ್ಘಕಾಲದ ನೋವು ಒಂದೇ ಸಮ ಇರುವುದಿಲ್ಲ. ಒಂದು ದಿನ ಇಳಿದು ಮತ್ತೊಂದು ದಿನ ಏರುತ್ತದೆ. ಒಳ್ಳೆಯ ದಿನ ಹೊರಗೆ ಬಂದವರನ್ನು ಕೆಟ್ಟ ದಿನ ಸಂಶಯದಿಂದ ನೋಡಿದರೆ, ಮುಂದೆ ಅವರು ಒಳ್ಳೆಯ ದಿನವೂ ಹೊರಗೆ ಬರುವುದಿಲ್ಲ.

ನೋವಿನ ಅಧ್ಯಯನಕ್ಕಾಗಿ ಇರುವ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವು ಯಾವಾಗಲೂ ಅವರವರ ಸ್ವಂತ ಅನುಭವ, ನೋಯುತ್ತಿದೆ ಎಂದು ಹೇಳುವವರ ಮಾತನ್ನು ಗೌರವಿಸಬೇಕು ಎಂಬ ಅರ್ಥದ ಟಿಪ್ಪಣಿಯನ್ನು ಸೇರಿಸಿತು. ಮೆಲ್ಝಾಕ್ ಅವರು 1975ರಲ್ಲಿ ರೋಗಿಗಳು ನೋವಿಗೆ ಬಳಸುವ ಮಾತುಗಳನ್ನೇ ಕಲೆಹಾಕಿ ಒಂದು ಪ್ರಶ್ನಾವಳಿ ಮಾಡಿದ್ದರು. ನಮ್ಮ ನುಡಿಯಲ್ಲೂ ಅಂಥ ಮಾತುಗಳಿಗೆ ಬಡತನವಿಲ್ಲ. ಉರಿ, ಸೆಳೆತ, ಚುಚ್ಚು, ಸಿಡಿತ, ಇರಿತ, ಕಡಿತ, ಜೋಮು. ಆಸ್ಪತ್ರೆಗೆ ಹೋದಾಗ ಬರೀ ನೋವು ಎನ್ನದೆ ಇಂಥ ಮಾತನ್ನೇ ಹೇಳಿದರೆ ವೈದ್ಯರಿಗೆ ದಾರಿ ಸಿಗುತ್ತದೆ. ಉರಿ ಮತ್ತು ಜೋಮು ನರದ ತೊಂದರೆಯ ಸುಳಿವಾಗಿರಬಹುದು. ಅದಕ್ಕೆ ಬೇರೆಯೇ ಔಷಧಿ. ವೈದ್ಯರಿಗೆ ಕನ್ನಡ ಬಾರದಿದ್ದರೆ ಮಲಯಾಳ ಬಲ್ಲ ಒಬ್ಬರು ಜೊತೆಗೆ ಹೋಗುವುದೂ ಒಂದು ಸೇವೆಯೇ.

ಮದ್ದು ತೆಗೆದುಕೊಳ್ಳಬಹುದೇ?

ಗುಳಿಗೆಗಳನ್ನು ಎತ್ತಿಟ್ಟ ಆ ತಾಯಿಯ ಪ್ರಶ್ನೆಗೆ ಧರ್ಮಸಭೆ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. 1957ರ ಫೆಬ್ರವರಿ 24ರಂದು ಜಗದ್ಗುರು ಹನ್ನೆರಡನೆಯ ಪಯಸ್ ಅವರು ಅರಿವಳಿಕೆ ತಜ್ಞ ವೈದ್ಯರ ಮುಂದೆ ಈ ವಿಷಯವನ್ನೇ ಎತ್ತಿಕೊಂಡು ಮಾತನಾಡಿದರು. ನೋವನ್ನು ನಿವಾರಿಸುವುದು ಧರ್ಮಸಮ್ಮತ, ಎಲ್ಲ ನೋವನ್ನೂ ಸಹಿಸಲೇಬೇಕೆಂಬ ಕಟ್ಟಳೆ ಕ್ರೈಸ್ತರಿಗಿಲ್ಲ ಎಂಬುದು ಅವರ ಬೋಧನೆಯ ಸಾರ. ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಸಾವಿನ ಅಂಚಿನಲ್ಲಿರುವವರ ನೋವು ತಗ್ಗಿಸುವುದನ್ನು ಒಪ್ಪುತ್ತದೆ. ಅಂಥ ಆರೈಕೆಯನ್ನು ನಿಸ್ವಾರ್ಥ ಪ್ರೀತಿಯ ಒಂದು ಬಗೆಯೆಂದು ಮೆಚ್ಚುತ್ತದೆ. 1984ರ ಫೆಬ್ರವರಿ 11ರಂದು ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ಮಾನವ ಸಂಕಟದ ಬಗ್ಗೆ ಬರೆದ ಪ್ರೇಷಿತ ಪತ್ರದಲ್ಲಿ ಎರಡು ಸಂಗತಿಗಳನ್ನು ಜೊತೆಯಾಗಿ ಇಟ್ಟರು. ಸಂಕಟವನ್ನು ಕ್ರಿಸ್ತರೊಡನೆ ಸೇರಿಸಿಕೊಳ್ಳಬಹುದು ಎಂಬುದು ಒಂದು. ಸಂಕಟದಲ್ಲಿರುವವರನ್ನು ಕಂಡರೆ ದಾರಿಯಲ್ಲಿ ನಿಂತು ಗಾಯಕ್ಕೆ ಎಣ್ಣೆ ಹಚ್ಚಿದ ಸಮಾರ್ಯದವನಂತೆ ನಾವಾಗಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಹೇಳಿ ಎರಡನೆಯದನ್ನು ಮರೆತರೆ ಸುವಾರ್ತೆ ಅರ್ಧವಾಗುತ್ತದೆ.

ಹಾಗೆಂದು ಔಷಧಿಯೊಂದೇ ಸಾಕೆಂದೂ ಅಲ್ಲ. ಅಂಗಡಿಯಿಂದ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಮೂತ್ರಪಿಂಡಗಳು ಕೆಡುತ್ತವೆ. ದೀರ್ಘಕಾಲದ ನೋವಿಗೆ ವೈದ್ಯರು ಹೇಳಿದ ಔಷಧಿ, ಮೈಗೆ ಹಿಡಿಸುವಷ್ಟು ನಿತ್ಯದ ಚಲನೆ, ಒಳ್ಳೆಯ ನಿದ್ದೆ, ಮನಸ್ಸಿಗೆ ಆಸರೆ ಎಲ್ಲವೂ ಸೇರಿದರೆ ಫಲ ಹೆಚ್ಚು. ಹಳೆಯ ಬೆನ್ನುನೋವಿಗೆ ವಾರಗಟ್ಟಲೆ ಮಲಗಿಯೇ ಇರುವುದು ಒಳ್ಳೆಯದಲ್ಲ ಎಂದು ಈಗ ವೈದ್ಯರು ಹೇಳುತ್ತಾರೆ. ಆರಾಮವಾದ ದಿನ ಎಲ್ಲ ಕೆಲಸವನ್ನೂ ಒಟ್ಟಿಗೆ ಮುಗಿಸಿ ಮರುದಿನ ಬೀಳುವ ಬದಲು, ಪ್ರತಿದಿನ ಸ್ವಲ್ಪ ಸ್ವಲ್ಪವಾಗಿ ಮಾಡುವುದು ಮೇಲು.

ಕೊನೆಯ ವರ್ಷ

1941ರ ನಂತರ ಕೆಲವು ಕಾಲ ಅಲ್ಫೋನ್ಸಮ್ಮನವರ ಆರೋಗ್ಯ ತುಸು ಸುಧಾರಿಸಿತ್ತು. 1945ರಲ್ಲಿ ಹೊಟ್ಟೆಯ ಕಾಯಿಲೆ ಹಿಡಿಯಿತು. ಯಕೃತ್ತಿಗೂ ತೊಂದರೆಯಾಯಿತು. ಮೈ ಸೆಟೆದು ದಿನಕ್ಕೆ ಹತ್ತಾರು ಸಲ ವಾಂತಿ. ಒಂದು ಗುಟುಕು ನೀರು ಕೂಡ ನಿಲ್ಲದ ದಿನಗಳು. ಮಠದ ಭಗಿನಿಯರು ಹಗಲಿರುಳು ನೋಡಿಕೊಂಡರು. 1946ರ ಜುಲೈ 28ರಂದು, ಭಾನುವಾರ, ಅವರು ಪ್ರಭುವಿನ ಪಾದ ಸೇರಿದರು. ಮೂವತ್ತಾರು ತುಂಬಲು ಇನ್ನೂ ಮೂರು ವಾರಗಳಿದ್ದವು.

ಶಾಲೆ ಕಟ್ಟಿಸಿದವರಲ್ಲ, ದೇಶ ಸುತ್ತಿ ಬೋಧಿಸಿದವರಲ್ಲ, ಗ್ರಂಥ ಬರೆದವರಲ್ಲ. ಮಠದ ಹೊರಗೆ ಅವರನ್ನು ಬಲ್ಲವರೇ ಕಡಿಮೆ. ಆದರೆ ಅವರ ಪ್ರೀತಿಯನ್ನು ಉಂಡಿದ್ದ ಶಾಲಾಮಕ್ಕಳು ಸಮಾಧಿಯ ಬಳಿ ಬಂದು ಬೇಡತೊಡಗಿದರು. ಮಕ್ಕಳ ಹಿಂದೆ ದೊಡ್ಡವರು ಬಂದರು. ಜಾತಿ ಮತ ನೋಡದೆ ಜನ ಬಂದರು. 1953ರಲ್ಲಿ ಸಂತ ಪದವಿಯ ವಿಚಾರಣೆ ಆರಂಭವಾಯಿತು. 1986ರ ಫೆಬ್ರವರಿ 8ರಂದು ಜಗದ್ಗುರು ಎರಡನೆಯ ಜಾನ್ ಪಾಲ್ ಅವರೇ ಕೋಟ್ಟಯಂಗೆ ಬಂದು ಅವರನ್ನು ಪುನೀತರೆಂದು ಸಾರಿದರು. ಅದೇ ವೇದಿಕೆಯಲ್ಲಿ, ಐವತ್ತು ವರ್ಷಗಳ ಹಿಂದೆ ಅವರು ಮೊರೆಯಿಟ್ಟಿದ್ದ ಫಾದರ್ ಚಾವರ ಅವರಿಗೂ ಆ ಪದವಿ ದೊರೆಯಿತು. ರೋಗಿ ಮತ್ತು ರೋಗಿಗಾಗಿ ಬೇಡಿದವರು ಒಂದೇ ದಿನ ಒಟ್ಟಿಗೆ ನಿಂತಂತಾಯಿತು. 2008ರ ಅಕ್ಟೋಬರ್ 12ರಂದು ರೋಮಿನಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟ್ ಅವರು ಸಂತರೆಂದು ಘೋಷಿಸಿದರು. ಭಾರತದಲ್ಲಿ ಹುಟ್ಟಿದ ಮಹಿಳೆಯೊಬ್ಬರು ಈ ಪದವಿಗೇರಿದ್ದು ಅದೇ ಮೊದಲು. ಅವರ ಮಧ್ಯಸ್ಥಿಕೆಯಿಂದ ಗುಣವಾದರೆಂದು ಹೇಳಲಾಗುವವರಲ್ಲಿ ಹುಟ್ಟಿನಿಂದಲೇ ಪಾದ ಸೊಟ್ಟಗಿದ್ದ ಮಕ್ಕಳು ಬಹಳ. ಸುಟ್ಟ ಪಾದಗಳಲ್ಲಿ ನಡೆದವರಿಗೆ ನಡೆಯಲಾಗದ ಮಕ್ಕಳ ಮೇಲೆ ಹೆಚ್ಚಿನ ಮಮತೆ ಎಂದು ಜನ ನಂಬುತ್ತಾರೆ.

ನಾವು ಮಾಡಬೇಕಾದದ್ದು

ಅಲ್ಫೋನ್ಸಮ್ಮನವರ ನಾಡು ನೋವಿನ ವಿಷಯದಲ್ಲಿ ದೇಶಕ್ಕೇ ದಾರಿ ತೋರಿದೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಸೇರಿ ನೋವು ಮತ್ತು ಉಪಶಮನ ಆರೈಕೆಯ ಸಂಘವೊಂದನ್ನು ಆರಂಭಿಸಿದರು. ಮುಂದೆ ಊರೂರಿನ ಸ್ವಯಂಸೇವಕರೇ ರೋಗಿಗಳ ಮನೆಗೆ ಹೋಗುವ ಜಾಲವಾಗಿ ಅದು ಬೆಳೆಯಿತು. 2008ರಲ್ಲಿ ಕೇರಳ ಸರ್ಕಾರ ಇದಕ್ಕಾಗಿ ನೀತಿಯನ್ನೇ ರೂಪಿಸಿತು. ಇಂದು ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆ ಬಾಗಿಲಿಗೆ ಬರುತ್ತಾರೆ. ಇದು ಬರೀ ಕ್ಯಾನ್ಸರ್ ರೋಗಿಗಳಿಗೆ, ಸಾಯುವವರಿಗೆ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿದೆ. ಹಾಗಲ್ಲ. ಬಹುಕಾಲದಿಂದ ಹಾಸಿಗೆ ಹಿಡಿದ ಯಾರ ಮನೆಯವರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಇಲ್ಲವೇ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಬಹುದು. ನಮ್ಮ ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಮುಳಿಯಾರು ಕಡೆಗಳಲ್ಲಿ ಎಂಡೋಸಲ್ಫಾನ್‌ನಿಂದ ನೊಂದ ಮಕ್ಕಳನ್ನು ವರ್ಷಗಟ್ಟಲೆ ಎತ್ತಿ ಇಳಿಸಿ ಸಾಕಿದ ತಾಯಂದಿರಿದ್ದಾರೆ. ಆ ತಾಯಂದಿರ ಸೊಂಟದ ನೋವನ್ನು ಕೇಳುವವರು ಯಾರು? ರೋಗಿಯನ್ನು ನೋಡಲು ಹೋದಾಗ ರೋಗಿಯನ್ನು ನೋಡಿಕೊಳ್ಳುವವರನ್ನೂ ಮಾತನಾಡಿಸಿ ಬರೋಣ.

ಯೋಬನ ಕಥೆ ನಮಗೆಲ್ಲ ಗೊತ್ತು. ಮೂವರು ಗೆಳೆಯರು ಬಂದು ಏಳು ದಿನ ಏಳು ರಾತ್ರಿ ಒಂದೂ ಮಾತಾಡದೆ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಅಷ್ಟರವರೆಗೆ ಅವರು ಒಳ್ಳೆಯ ಗೆಳೆಯರೇ ಆಗಿದ್ದರು. ಬಾಯಿ ತೆರೆದು ಅವನ ಸಂಕಟಕ್ಕೆ ಕಾರಣ ವಿವರಿಸಲು ಹೊರಟಾಗ ತಪ್ಪಿದರು. ಇನ್ನು ಮುಂದೆ ನಮ್ಮ ಭೇಟಿಗಳಲ್ಲಿ ಮಾತು ಕಡಿಮೆ ಮಾಡುವುದೆಂದು ನಿಶ್ಚಯಿಸಿದ್ದೇವೆ. ಹೇಗಿದೆ ಎಂದು ಕೇಳಿ, ಅವರು ಹೇಳಿದ್ದನ್ನು ನಂಬಿ, ಮದ್ದು ತೆಗೆದುಕೊಂಡಿರಾ ಎಂದು ವಿಚಾರಿಸಿ, ಬಿಸಿನೀರು ಕಾಯಿಸುವುದೋ ಔಷಧಿ ತರುವುದೋ ಏನಾದರೊಂದು ಕೈಕೆಲಸ ಮಾಡಿ, ಆಮೇಲೆ ಪ್ರಾರ್ಥಿಸುವುದು.

ಆ ತಾಯಿಯ ಮನೆಗೆ ನಾವು ಮತ್ತೊಮ್ಮೆ ಹೋದೆವು. ಅಲ್ಫೋನ್ಸಮ್ಮನವರೂ ಗುಣವಾಗಲೆಂದು ಬೇಡಿಕೊಂಡಿದ್ದರು ಎಂದು ತಿಳಿಸಿದೆವು. ಹಿಂದೆ ಹೇಳಿದ್ದಕ್ಕೆ ಕ್ಷಮೆ ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಮ್ಮಗಳನ್ನು ಕರೆದು ಡಬ್ಬಿ ತರಿಸಿದರು. ಎತ್ತಿಟ್ಟು ಬಹಳ ದಿನಗಳಾಗಿದ್ದುದರಿಂದ ವೈದ್ಯರಿಗೆ ತೋರಿಸಿ ಹೊಸ ಚೀಟಿ ಬರೆಸಿಕೊಂಡೆವು. ಈಗ ರಾತ್ರಿ ನಾಲ್ಕು ಗಂಟೆ ಹೊತ್ತು ನಿದ್ದೆ ಬರುತ್ತಿದೆಯಂತೆ. ಎಚ್ಚರವಾದಾಗ ನಮಗಾಗಿ ಜಪಸರ ಹೇಳುತ್ತಾರಂತೆ.

ಜುಲೈ 28ರ ಪೂಜೆಯಲ್ಲಿ ನಮ್ಮ ಧರ್ಮಕೇಂದ್ರದ ನೊಂದ ಬಂಧುಗಳೆಲ್ಲರನ್ನೂ ನೆನೆಯೋಣ. ಪೂಜೆ ಮುಗಿದ ಮೇಲೆ ಒಬ್ಬೊಬ್ಬರೂ ಒಂದೊಂದು ಮನೆಗೆ ಹೋಗಿ ಬರೋಣ.

ಸಂತ ಅಲ್ಫೋನ್ಸಮ್ಮನವರೇ, ನಮಗಾಗಿ ಪ್ರಾರ್ಥಿಸಿರಿ.